ಕಾಕಾನ ಗಾಡಿಯಲ್ಲಿ ಎಂಟು ಫರ್ಸಿ

ನಮ್ಮ ಕಾಕಾ ಒಂದೂವರೆ ಟನ್ ಹೊರುವ ಪಿಕಪ್ ಇಟ್ಟಿದ್ದಾರೆ. ತೊಗರಿ ಚೀಲ ಹೇರಿಕೊಂಡು ಕಲಬುರಗಿಯ ಗಂಜ್ ಮಾರುಕಟ್ಟೆಗೆ ಹೋಗುವಾಗ ಗಾಡಿ ತುಂಬು ಬಸುರಿಯ ಹಾಗೆ ಮೆತ್ತಗೆ ಸಾಗುತ್ತದೆ. ಮಾಲು ಇಳಿಸಿ ಖಾಲಿ ವಾಪಸ್ ಬರುವಾಗ ಕಥೆನೇ ಬೇರೆ. ಬಾಣಲಿಯಲ್ಲಿ ಜೋಳದ ಅಳ್ಳು ಸಿಡಿದ ಹಾಗೆ ನಾವಿಬ್ಬರೂ ಸೀಟಿನಿಂದ ಸಿಡಿಯುತ್ತೇವೆ. ಕಳೆದ ವಾರ ನನ್ನ ತಲೆ ಛತ್ತಿಗೆ ಬಡಿಯಿತು. ಕಾಕಾನ ಎಲೆ ಅಡಿಕೆ ಚೀಲ ಎಲ್ಲಿ ಹಾರಿತೋ, ಇನ್ನೂ ಸಿಕ್ಕಿಲ್ಲ.

ಮಿಸ್ತ್ರಿ ಹತ್ತಿರ ಹೋದೆವು. ಆತ ಗಾಡಿ ಕೆಳಗೆ ತೂರಿ, ಪಾನಾದಿಂದ ಪಟ್ಟಾಗಳ (ಭಾರ ಹೊರುವ ಉಕ್ಕಿನ ಪಟ್ಟಿ ಸ್ಪ್ರಿಂಗು) ಮೇಲೆ ಟಣ್ ಟಣ್ ಬಡಿದು, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

“ಗಾಡ್ಯಾಗ ಏನೂ ಇಲ್ರಿ ಕಾಕಾ.”

“ಮತ್ತ ಹಿಂಗ್ಯಾಕ ಜಿಗಿತದೋ?”

“ಅದ ಹೇಳ್ಲಿಕತ್ತೀನಲ್ರಿ. ಗಾಡ್ಯಾಗ ಏನೂ ಇಲ್ಲ!”

ಅಂದರೆ ರೋಗ ಅದೇ. ಹಿಂದಿನ ಪಟ್ಟಾಗಳನ್ನು ಮಾಡಿರುವುದು ಒಂದೂವರೆ ಟನ್ ಹೊರಲಿಕ್ಕೆ. ಖಾಲಿ ಇದ್ದಾಗ ಅವು ಬಾಗುವುದೇ ಇಲ್ಲ. ತಗ್ಗಿನ ಪೆಟ್ಟು ನೇರ ಸೊಂಟಕ್ಕೆ ಬರುತ್ತದೆ. ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದರೆ? ಅದರೊಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ತೂರಿ ಕುಣಿತವನ್ನು ಬೇಗ ನಿಲ್ಲಿಸುತ್ತದೆ, ಅಷ್ಟೆ. ಗಟ್ಟಿ ಪಟ್ಟಾ ಮೆತ್ತಗಾಗಲ್ಲ. ಒಂದು ಪಟ್ಟಾ ತೆಗೆದುಬಿಡು ಅಂದರು ಕಾಕಾ. “ತೆಗಿತೀನ್ರಿ. ನಾಳಿ ತೊಗರಿ ಹೇರಿದ್ರ ಉಳಿದವು ಮುರೀತಾವ” ಅಂದ ಮಿಸ್ತ್ರಿ.

ಟೈರಿನ ಹವಾ ಮಾತ್ರ ನಮ್ಮದೇ ತಪ್ಪು, ಖಾಲಿ ಇದ್ದಾಗಲೂ ಲೋಡಿನಷ್ಟೇ ತುಂಬಿಸಿರುತ್ತೇವೆ. ಖಾಲಿ ಇದ್ದಾಗ ಎಷ್ಟು, ಲೋಡ್ ಇದ್ದಾಗ ಎಷ್ಟು ಅಂತ ಕಂಪನಿಯವರು ಬೇರೆ ಬೇರೆ ಲೆಕ್ಕ ಕೊಟ್ಟಿರುತ್ತಾರೆ. ಕಾಕಾ ಆ ಚೀಟಿಯ ಮೇಲೆ ದೇವರ ಫೋಟೋ ಅಂಟಿಸಿದ್ದಾರೆ. ಈ ರಸ್ತೆಗೆ ಅದೇ ಜಾಸ್ತಿ ಕೆಲಸಕ್ಕೆ ಬರುತ್ತದೆ ಅಂತ ಅವರ ವಾದ.

ಕೊನೆಗೆ ಮಿಸ್ತ್ರಿಯೇ ಔಷಧಿ ಹೇಳಿದ: ಯಾವಾಗಲೂ ಒಂದಿಷ್ಟು ಭಾರ ಇಟ್ಕೊಳ್ರಿ. ಕಾಕಾ ಶಹಾಬಾದಿಗೆ ಹೋಗಿ ಎಂಟು ದಪ್ಪ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ತಂದರು. ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ಜೋಡಿಸಿ, ಹಗ್ಗ ಬಿಗಿದರು. ಗಾಡಿ ನಿಜಕ್ಕೂ ಮೆತ್ತಗಾಯಿತು. ಡೀಸೆಲ್ ಜಾಸ್ತಿ ಕುಡಿಯುತ್ತದೆ, ಕುಡಿಯಲಿ.

ಆದರೆ ನೋಡಿ ಮಜಾ. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು 16 ಪಟ್ಟಾಗುತ್ತದೆ ಅಂತ ಎಂಜಿನಿಯರುಗಳ ಲೆಕ್ಕ. ರಸ್ತೆ ಕೆಟ್ಟಿದೆ ಅಂತ ನಾವು ಭಾರ ಹೇರುತ್ತೇವೆ, ಭಾರ ಹೇರಿದ್ದಕ್ಕೆ ರಸ್ತೆ ಇನ್ನೂ ಕೆಡುತ್ತದೆ.

ನಮ್ಮ ಎರೆ ಮಣ್ಣಿಗೂ ಇದರಲ್ಲಿ ಪಾಲಿದೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಕಲಬುರಗಿ ತೊಗರಿಗೆ ಒಗ್ಗಿದ ಮಣ್ಣು ಡಾಂಬರಿಗೆ ಒಗ್ಗಲ್ಲ. ಇಂಥ ಮಣ್ಣಿಗೆ ಸುಣ್ಣ ಬೆರೆಸಿ ಗಟ್ಟಿ ಮಾಡುವುದು ಹಳೇ ವಿದ್ಯೆ. ಸುಣ್ಣದ ಕಲ್ಲಿಗೆ ಎಲ್ಲಿ ಹೋಗೋಣ ಅನ್ನುತ್ತೀರಾ? ಸೇಡಂ, ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿಗಳು ನಿಂತಿರುವುದೇ ಸುಣ್ಣದ ಕಲ್ಲಿನ ಮೇಲೆ. ಕಾಕಾನ ಫರ್ಸಿನೂ ಸುಣ್ಣದ ಕಲ್ಲೇ. ರಸ್ತೆಯ ಕೆಳಗೆ ಇರಬೇಕಾದದ್ದು ರಸ್ತೆಯ ಮೇಲೆ ಪಿಕಪ್ಪಿನಲ್ಲಿ ತಿರುಗುತ್ತಿದೆ.

ರಸ್ತೆಯ ಹಂಪ್, ಅಂದರೆ ಸ್ಪೀಡ್ ಬ್ರೇಕರ್‌ನದು ಇನ್ನೊಂದು ಕಥೆ. ನಿಯಮದ ಪ್ರಕಾರ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮ ಊರ ಮುಂದಿನದು ರಸ್ತೆಗೆ ಅಡ್ಡ ಮಲಗಿದ ಎಮ್ಮೆಯ ಹಾಗಿದೆ. ಎಮ್ಮೆಯಾದರೆ ಹಾರ್ನ್ ಹೊಡೆದಾಗ ಏಳುತ್ತದೆ.

ಒಮ್ಮೆ ತಪಾಸಣೆಗೆ ಸಾಹೇಬರು ಬಂದಿದ್ದರು. ದೊಡ್ಡ ಕಾರು, ಒಳಗೆ ಎಸಿ, ಮೆತ್ತನೆ ಸೀಟು. ಅದರಲ್ಲಿ ಕೂತರೆ ರಸ್ತೆ ಚೆನ್ನಾಗೇ ಇದೆ, ಸುಳ್ಳಲ್ಲ. ರಸ್ತೆಯ ಒರಟುತನ ಅಳೆಯಲು ಬಂಪ್ ಇಂಟಿಗ್ರೇಟರ್ ಅಂತ ಯಂತ್ರವೇ ಇದೆ. ಒಂದು ಕಿಲೋಮೀಟರಿಗೆ ಎಷ್ಟು ಮಿಲಿಮೀಟರ್ ಏರಿಳಿತ ಅಂತ ಹೇಳುತ್ತದೆ. ನಮ್ಮಲ್ಲಿ ಆ ಕೆಲಸ ಕಾಕಾನ ಸೊಂಟ ಮಾಡುತ್ತಿದೆ, ಸಂಬಳ ಇಲ್ಲದೆ. ನನ್ನದೊಂದು ಸಲಹೆ: ಬಿಲ್ ಪಾಸ್ ಮಾಡುವ ಮೊದಲು ಸಾಹೇಬರನ್ನು ಖಾಲಿ ಪಿಕಪ್ಪಿನಲ್ಲಿ ಕೂರಿಸಿ, ಕೈಗೆ ತುಂಬಿದ ಚಹಾ ಕಪ್ ಕೊಡಬೇಕು. ಎಷ್ಟು ಚಹಾ ಉಳಿಯಿತೋ ಅಷ್ಟೇ ಬಿಲ್.

ಮೊನ್ನೆ ಮಳೆಯಲ್ಲಿ ಗಾಡಿ ಒಂದು ತಗ್ಗಿನಲ್ಲಿ ಸಿಕ್ಕಿಬಿತ್ತು. ಒಂದು ಫರ್ಸಿ ಇಳಿಸಿ ಗಾಲಿ ಕೆಳಗೆ ಕೊಟ್ಟೆವು. ಗಾಡಿ ಮೇಲೆ ಬಂತು, ಕಲ್ಲು ಕೆಸರಲ್ಲಿ ಹೂತು ಅಲ್ಲೇ ಉಳಿಯಿತು. ಮರುದಿನ ಅದೇ ಜಾಗ ಬಂದಾಗ ಕಾಕಾ ಸ್ಟೇರಿಂಗ್ ಗಟ್ಟಿ ಹಿಡಿದು ಹಲ್ಲು ಕಚ್ಚಿದರು. ಏನೂ ಆಗಲಿಲ್ಲ.

“ಇಲ್ಲೊಂದು ತಗ್ಗಿತ್ತಲ್ಲೋ ತಮ್ಮಾ?”

ಸಂಜೆ ಶಹಾಬಾದಿಗೆ ಫೋನ್ ಹಚ್ಚಿ ಫರ್ಸಿ ರೇಟ್ ಕೇಳುತ್ತಿದ್ದರು. ಗಾಡಿಗೋ ರಸ್ತೆಗೋ ಹೇಳಲಿಲ್ಲ.