ಪರ-ವಿರೋಧ: ದಾಖಲೆಯಿಲ್ಲದ ಮಕ್ಕಳಿಗೆ ಟೆಕ್ಸಾಸ್ ಸ್ಥಳೀಯ ಶುಲ್ಕದಲ್ಲಿ ಕಾಲೇಜು ಕೊಡಬೇಕೇ?

ಪರ: ತೆರಿಗೆ ಬೇಕು, ಮಕ್ಕಳು ಬೇಡವೇ?

2001ರಲ್ಲಿ ಟೆಕ್ಸಾಸ್ ಶಾಸನಸಭೆ ಎರಡೂ ಪಕ್ಷಗಳ ಬೆಂಬಲದಿಂದ ಒಂದು ಕಾನೂನು ಮಾಡಿತು. ರಾಜ್ಯದಲ್ಲಿ ಮೂರು ವರ್ಷ ನೆಲೆಸಿ ಇಲ್ಲಿಯ ಹೈಸ್ಕೂಲು ಮುಗಿಸಿದ ಮಕ್ಕಳಿಗೆ, ವಲಸೆ ದಾಖಲೆ ಇಲ್ಲದಿದ್ದರೂ, ರಾಜ್ಯದ ನಿವಾಸಿಗಳಿಗಿರುವ ಕಡಿಮೆ ಶುಲ್ಕ, ಅಂದರೆ ಸ್ಥಳೀಯರ ಶುಲ್ಕವೇ ಅನ್ವಯವಾಗುತ್ತಿತ್ತು. ಅರ್ಹತೆ ಬಂದ ಕೂಡಲೇ ಕಾಯಂ ನಿವಾಸಕ್ಕೆ ಅರ್ಜಿ ಹಾಕುತ್ತೇನೆ ಎಂದು ಅವರು ಪ್ರಮಾಣಪತ್ರ ಬರೆದುಕೊಡಬೇಕಿತ್ತು. ಕಾನೂನಿಗೆ ಸಹಿ ಹಾಕಿದವರು ರಿಪಬ್ಲಿಕನ್ ಗವರ್ನರ್ ರಿಕ್ ಪೆರಿ. ಸುಮಾರು ಕಾಲು ಶತಮಾನ ನಡೆದ ಈ ವ್ಯವಸ್ಥೆ 2025ರ ಜೂನ್ 4ರಂದು ಒಂದೇ ದಿನದಲ್ಲಿ ಮುರಿದುಬಿತ್ತು. ಕೇಂದ್ರದ ನ್ಯಾಯ ಇಲಾಖೆ ಮೊಕದ್ದಮೆ ಹೂಡಿತು, ರಾಜ್ಯದ ಅಟಾರ್ನಿ ಜನರಲ್ ಎದುರಾಡದೆ ಒಪ್ಪಿದರು, ನ್ಯಾಯಾಧೀಶರು ಅಂದೇ ಆದೇಶ ಹೊರಡಿಸಿದರು. ಯಾರ ಓದು ನಿಲ್ಲುತ್ತಿತ್ತೋ ಆ ಮಕ್ಕಳ ಮಾತನ್ನು ಅಂದು ಯಾರೂ ಕೇಳಲಿಲ್ಲ.

ಹ್ಯೂಸ್ಟನ್ ಸಮೀಪದ ಕಮ್ಯುನಿಟಿ ಕಾಲೇಜೊಂದರಲ್ಲಿ (ಸ್ಥಳೀಯ ಸರ್ಕಾರಿ ಕಾಲೇಜು) ನಾನು ಗಣಿತ ಕಲಿಸುತ್ತೇನೆ. ನನ್ನ ತರಗತಿಯ ಹುಡುಗಿಯೊಬ್ಬಳು ಮೆಕ್ಸಿಕೋದಿಂದ ಬಂದಾಗ ಇನ್ನೂ ನಡೆಯಲು ಕಲಿತಿರಲಿಲ್ಲ. ತಂದೆ ಮನೆಗಳ ಚಾವಣಿ ಹಾಕುವ ಕೂಲಿ, ತಾಯಿ ಮನೆಗೆಲಸದವರು. ಕೇಂದ್ರ ಸರ್ಕಾರದ ಪೆಲ್ ಅನುದಾನದಲ್ಲಿ ಬಡ ವಿದ್ಯಾರ್ಥಿಗೆ ವರ್ಷಕ್ಕೆ 7,395 ಡಾಲರ್‌ವರೆಗೂ ಸಿಗುತ್ತದೆ. ಇವಳಿಗೆ ಒಂದು ಸೆಂಟೂ ಸಿಗುವುದಿಲ್ಲ. ಕೇಂದ್ರದ ಶಿಕ್ಷಣ ಸಾಲವೂ ಇಲ್ಲ. ಹಾಗಾಗಿ ಪ್ರತಿ ಸೆಮಿಸ್ಟರ್ ಅವಳು ಲಕೋಟೆಯಲ್ಲಿ ನಗದು ತಂದು, ಶುಲ್ಕ ಕಟ್ಟುವ ಕಿಟಕಿಯ ಬಳಿ ನಿಂತು, ಇಪ್ಪತ್ತು ಡಾಲರ್ ನೋಟುಗಳನ್ನು ಒಂದೊಂದಾಗಿ ಎಣಿಸಿ ಕೊಡುತ್ತಿದ್ದಳು. ಆದೇಶದ ನಂತರ ಹೊಸ ಬಿಲ್ ಬಂದಾಗ ನಾಲ್ಕು ವಿಷಯಗಳಲ್ಲಿ ಮೂರನ್ನು ಕೈಬಿಟ್ಟಳು. ಅವಳು ಉಳಿಸಿಕೊಂಡದ್ದು ನನ್ನ ಕ್ಯಾಲ್ಕುಲಸ್ ಒಂದನ್ನೇ. ನರ್ಸಿಂಗ್ ಓದುವ ಆಸೆಯಿದ್ದವಳು ವರ್ಷಕ್ಕೆ ಎರಡು ವಿಷಯ ಮುಗಿಸುತ್ತಾ ಹೋದರೆ ಪದವಿ ಯಾವಾಗ?

ಇವರು ಪುಕ್ಕಟೆ ಓದುತ್ತಾರೆ ಎನ್ನುವವರಿಗೆ ಒಂದು ಮಾತು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಬೊಕ್ಕಸ ತುಂಬುವುದು ಬಹುಪಾಲು ಮಾರಾಟ ತೆರಿಗೆಯಿಂದ; ಊರಿನ ಪಾಲೂ ಸೇರಿ ಅದು ನೂರಕ್ಕೆ 8.25ರವರೆಗೆ ಹೋಗುತ್ತದೆ. ಆ ಹುಡುಗಿಯ ತಾಯಿ ಸಾಬೂನು ಕೊಂಡರೂ ತೆರಿಗೆ, ತಂದೆ ಸುತ್ತಿಗೆ ಕೊಂಡರೂ ತೆರಿಗೆ. ಕಮ್ಯುನಿಟಿ ಕಾಲೇಜುಗಳು ನಡೆಯುವ ಆಸ್ತಿ ತೆರಿಗೆಯಲ್ಲಿ ಅವರ ಮನೆ ಬಾಡಿಗೆಯ ಪಾಲೂ ಇದೆ. ಮತ್ತೆ ಹೇಳುತ್ತೇನೆ: ಈ ಕುಟುಂಬ ತೆರಿಗೆ ಕಟ್ಟುತ್ತದೆ.

ಇದೇ ಟೆಕ್ಸಾಸ್‌ನ ಟೈಲರ್ ಪಟ್ಟಣದ ಶಾಲೆಗಳು 1977ರಲ್ಲಿ ಇಂಥ ಮಕ್ಕಳ ಮೇಲೆ ತಲೆಗೆ ವರ್ಷಕ್ಕೆ 1,000 ಡಾಲರ್ ಶುಲ್ಕ ಹೇರಿದ್ದವು. 1982ರಲ್ಲಿ, ಅದರಿಂದಲೇ ಹುಟ್ಟಿದ ಪ್ಲೈಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದಾಖಲೆಯಿಲ್ಲವೆಂದು ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದಿತು. ಹನ್ನೆರಡನೆಯ ತರಗತಿಯವರೆಗೆ ಸರ್ಕಾರವೇ ದುಡ್ಡು ಹಾಕಿ ಓದಿಸಿದ ಮಗುವನ್ನು ಹದಿನೆಂಟರ ಹೊಸ್ತಿಲಲ್ಲಿ ಹೊರದಬ್ಬುವುದು ಯಾವ ಜಾಣತನ? ವಿರೋಧಿಸುವವರು ಇಂಥ ರಿಯಾಯಿತಿಗೆ ತಡೆಯೊಡ್ಡುವ 1996ರ ಕೇಂದ್ರ ಕಾಯ್ದೆಯ ಸೆಕ್ಷನ್ ಎತ್ತಿ ತೋರಿಸುತ್ತಾರೆ. ಸೆಕ್ಷನ್ ಓದುವವರು ಒಮ್ಮೆ ಆ ಕಿಟಕಿಯ ಬಳಿಯೂ ನಿಲ್ಲಲಿ.

ವಿರೋಧ: ರಾಜ್ಯದ ತೇಪೆ ಸಾಲದು

ಈ ಬದಿಯಲ್ಲಿ ಬರೆಯಿರಿ ಎಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಆ ಮಕ್ಕಳು ಓದಬಾರದು ಎಂದು ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಕಾನೂನು ಕಾನೂನೇ. 1996ರ ಕೇಂದ್ರ ಕಾಯ್ದೆಯ ಪ್ರಕಾರ, ಪಕ್ಕದ ಒಕ್ಲಹೋಮಾದ ಅಮೆರಿಕನ್ ಪ್ರಜೆಗೆ ಸಿಗದ ರಿಯಾಯಿತಿಯನ್ನು ದಾಖಲೆಯಿಲ್ಲದವರಿಗೆ ವಾಸದ ಆಧಾರದ ಮೇಲೆ ರಾಜ್ಯ ಕೊಡುವಂತಿಲ್ಲ. ಮಾರಾಟ ತೆರಿಗೆ ಕಟ್ಟಿದವರಿಗೆಲ್ಲ ಸ್ಥಳೀಯ ಶುಲ್ಕ ಎಂದರೆ, ವಾರದ ಮಟ್ಟಿಗೆ ಬಂದು ಅಂಗಡಿ ಸುತ್ತಿದ ಪ್ರವಾಸಿಗೂ ಕೊಡಬೇಕಾಗುತ್ತದೆ.

ಅಲ್ಲದೆ, ಅಮೆರಿಕದ ಬಹುತೇಕ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ವಿದ್ಯಾರ್ಥಿಗಳು ಆ ದೇಶದ ಪ್ರಜೆಗಳೇ. 2023ರ ಡಿಸೆಂಬರ್ ಕೊನೆಗೆ ಕೇಂದ್ರದ ಶಿಕ್ಷಣ ನೆರವಿನ ಹೊಸ ಅರ್ಜಿ ನಮೂನೆ ಬಂದಾಗ, ತಂದೆತಾಯಿಗೆ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದ ಮಕ್ಕಳ ಅರ್ಜಿಯೇ ಆನ್‌ಲೈನ್‌ನಲ್ಲಿ ಮುಂದೆ ಹೋಗದೆ ತಿಂಗಳುಗಟ್ಟಲೆ ಸಿಕ್ಕಿಕೊಂಡಿತ್ತು. ಪ್ರಜೆಗಳಾದ ಆ ಮಕ್ಕಳ ಪಾಡಿಗೆ ಟೆಕ್ಸಾಸ್ ಕಾನೂನಿನಲ್ಲಿ ಮದ್ದಿಲ್ಲ. ಪದವಿ ಪಡೆದ ದಾಖಲೆಯಿಲ್ಲದ ಹುಡುಗಿಗೂ ಆ ಕಾನೂನು ಕೆಲಸದ ಪರವಾನಗಿ ಕೊಡುವುದಿಲ್ಲ. ಅದನ್ನು ಶಾಶ್ವತವಾಗಿ ಕೊಡಬಲ್ಲದ್ದು ಅಮೆರಿಕದ ಸಂಸತ್ತು ಮಾತ್ರ. ಅಲ್ಲಿ ಇಂಥ ಮಕ್ಕಳಿಗೆ ಕಾಯಂ ನಿವಾಸದ ದಾರಿ ತೆರೆಯುವ ಡ್ರೀಮ್ ಮಸೂದೆ 2001ರಲ್ಲೇ ಮಂಡನೆಯಾಗಿ, 2010ರಲ್ಲಿ ಕೆಳಮನೆ ದಾಟಿ, ಸೆನೆಟ್‌ನಲ್ಲಿ ಬಿದ್ದುಹೋಯಿತು.

ನನಗೆ ಈ ವಿಷಯ ಬಂದಾಗಲೆಲ್ಲ ಕಣ್ಣಮುಂದೆ ಬರುವವಳು ನನ್ನ ಅಣ್ಣನ ಮಗಳು. ಮೈಸೂರಿನಲ್ಲಿ ಒಂದನೆಯ ತರಗತಿ ಓದುತ್ತಿದ್ದವಳು ಅಪ್ಪನ ಎಚ್-1ಬಿ ವೀಸಾದ ಜೊತೆ ಅವಲಂಬಿತಳಾಗಿ ಅಮೆರಿಕದ ಬೇರೊಂದು ರಾಜ್ಯಕ್ಕೆ ಹೋದಳು. ಒಂದೊಂದು ದೇಶದವರಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯಿಂದಾಗಿ ಭಾರತೀಯರ ಗ್ರೀನ್ ಕಾರ್ಡ್ ಸಾಲು ಕದಲುವುದೇ ಇಲ್ಲ. ಇಪ್ಪತ್ತೊಂದು ತುಂಬಿದ ದಿನವೇ ಅವಳ ಅವಲಂಬಿತ ವೀಸಾ ಮುಗಿಯಿತು. ಆ ಹೊತ್ತಿಗೆ ಮೂರನೆಯ ವರ್ಷದಲ್ಲಿದ್ದಳು. ವಿದ್ಯಾರ್ಥಿ ವೀಸಾಕ್ಕೆ ಬದಲಾದ ಕೂಡಲೇ ಅವಳ ವಿಶ್ವವಿದ್ಯಾಲಯ ಹೊರಗಿನವರ ಶುಲ್ಕ ಹಾಕಿತು. ಅದು ಮೊದಲಿನದರ ಮೂರು ಪಟ್ಟು. ಅಣ್ಣ ಮೈಸೂರಿನ ಸೈಟು ಮಾರಿ ಕಟ್ಟಿದ. ಬಾಲ್ಯದಲ್ಲಿ ಬಂದ ದಾಖಲೆಯಿಲ್ಲದವರನ್ನು ಗಡೀಪಾರಿನಿಂದ ಕಾಪಾಡಲು 2012ರಲ್ಲಿ ಒಬಾಮ ಸರ್ಕಾರ ತಂದ ಡಾಕಾ (DACA) ರಕ್ಷಣೆಯೂ ಅವಳಿಗೆ ಅನ್ವಯಿಸಲಿಲ್ಲ, ಏಕೆಂದರೆ ಅವಳ ವೀಸಾ ಕಾಗದಗಳೆಲ್ಲ ಸರಿಯಾಗಿದ್ದವು. ಈಗ ಕೆನಡಾದಲ್ಲಿ ಕೆಲಸ ಮಾಡುತ್ತಿದ್ದಾಳೆ. ಅವಳ ತಂದೆತಾಯಿಯೂ ಅಷ್ಟು ವರ್ಷ ತೆರಿಗೆ ಕಟ್ಟಿದವರೇ. ಅವಳಂಥವರಿಗಾಗಿ ಯಾರೂ ಬೀದಿಗಿಳಿದದ್ದನ್ನು ನಾನು ನೋಡಿಲ್ಲ.