ಎರಡೇ ನಿಮಿಷದಲ್ಲಿ ಆರು ಕಿಲೋ

ನನ್ನ ತೂಕವನ್ನು ನನ್ನ ಕಂಪ್ಯೂಟರಿನಿಂದ ನನ್ನದೇ ಅಕೌಂಟಿಗೆ ಸೇರಿಸಲು ಇಷ್ಟೊಂದು ಪರ್ಮಿಷನ್ ಬೇಕು ಅಂತ ಗೊತ್ತಿದ್ದರೆ, ತೂಕ ಇಳಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಬೆಳಗ್ಗೆ ಕೂತವನು ಈಗ ಎದ್ದಿದ್ದೇನೆ. ಬೆನ್ನು ಹಿಡಿದುಕೊಂಡಿದೆ. ಸಿಟ್ಟು ಇನ್ನೂ ಇಳಿದಿಲ್ಲ.

ಆಗಿದ್ದಿಷ್ಟು. ಕೈಯಲ್ಲಿದ್ದ ಹಳೇ ವಾಚು ಕೆಟ್ಟಿತು, ಹೊಸದು ಬಂತು. ಹೊಸ ವಾಚಿನ ಆ್ಯಪ್‌ಗೆ ನಾನು ಯಾರೋ ಏನೋ. ನಾಲ್ಕು ವರ್ಷ ನಡೆದ ಹೆಜ್ಜೆಗಳು, ಬೆವರು ಹರಿಸಿ ಇಳಿಸಿದ ಕಿಲೋಗಳು, ಒಂದೂ ಅದರ ಲೆಕ್ಕದಲ್ಲಿಲ್ಲ. ಮೊದಲ ದಿನವೇ 'ಇಂದಿನಿಂದ ಆರೋಗ್ಯದ ಕಡೆ ಗಮನ ಕೊಡೋಣ' ಅಂತ ಸಂದೇಶ ಬಂತು. ಮೈ ಉರಿಯದೆ ಇರುತ್ತದೆಯೇ? ಹಳೇ ಆ್ಯಪ್‌ನವರು ಕೇಳಿದ ಕೂಡಲೇ ಎಲ್ಲವನ್ನೂ ಒಂದು ಫೈಲ್ ಮಾಡಿ ಕೊಟ್ಟು ಕೈತೊಳೆದುಕೊಂಡರು. ಹೊಸ ಆ್ಯಪ್‌ನಲ್ಲಿ ಆ ಫೈಲ್ ಹಾಕಲು ಜಾಗವೇ ಇಲ್ಲ. ಒಂದೊಂದು ದಿನದ ತೂಕವನ್ನೂ ಬೆರಳಿನಲ್ಲಿ ಒತ್ತುತ್ತಾ ಕೂರಬಹುದು, ಇಲ್ಲವೇ ಎಪಿಐ ಇದೆ, ಪ್ರೋಗ್ರಾಂಗಳು ಬಂದು ಮಾಹಿತಿ ಕೊಟ್ಟು ಹೋಗುವ ಹಿಂಬಾಗಿಲು. ಅಂದರೆ ನನ್ನ ಪಾಲಿಗೆ ಕಪ್ಪು ಪರದೆಯ ಮೇಲೆ ಕಮಾಂಡ್ ಬರೆದು ಕಳಿಸುವುದು.

ಈ ದಾರಿ ತೋರಿಸಿದವನು ನನ್ನ ಗೆಳೆಯ. "ಸಿಂಪಲ್ ಕಣೋ, ಒಂದೇ ಲೈನು" ಅಂದ. ಆ ಒಂದೇ ಲೈನು ನನ್ನ ಪರದೆಯಲ್ಲಿ ಹಿಡಿಸದೆ ಕೆಳಗೆ ಕೆಳಗೆ ಇಳಿಯುತ್ತಾ ಹೋಯಿತು. ಶುರುವಾಗುವುದು ಕರ್ಲ್ ಅನ್ನುವ ಟೂಲ್‌ನಿಂದ. 1998ರಿಂದಲೂ ದುಡಿಯುತ್ತಿರುವ ಜೀವ ಅದು, ಅದರ ಮೇಲೆ ನನಗೆ ಸಿಟ್ಟಿಲ್ಲ. ಕೊಟ್ಟಿದ್ದನ್ನು ಹೇಳಿದ ಕಡೆ ತಲುಪಿಸುತ್ತದೆ, ಅಲ್ಲಿ ಬೈದರೆ ಆ ಬೈಗುಳವನ್ನು ಹಾಗೇ ತಂದು ಕೊಡುತ್ತದೆ. ನನಗೆ ಬರೀ ಬೈಗುಳವೇ ಬರುತ್ತಿತ್ತು.

ಯಾಕೆ ಅಂದರೆ, ಗೆಳೆಯ ಆ ಲೈನನ್ನು ಕಳಿಸಿದ್ದು ಚಾಟ್‌ನಲ್ಲಿ. ಚೆಂದ ಕಾಣಲಿ ಅಂತ ಫೋನು ನೆಟ್ಟಗಿದ್ದ ಕೋಟ್ ಗುರುತುಗಳನ್ನೆಲ್ಲ ಬಾಗಿಸಿಟ್ಟಿತ್ತು. ಕಂಪ್ಯೂಟರಿಗೆ ಬಾಗಿದ ಕೋಟ್ ಆಗಿಬರುವುದಿಲ್ಲ. ಅದನ್ನು ಸರಿಮಾಡಿದರೆ ಜೇಸನ್‌ನ ತಕರಾರು. ಜೇಸನ್ ಅಂದರೆ ಮನುಷ್ಯನಲ್ಲ, ಮಾಹಿತಿಯನ್ನು ಬರೆದು ಕಳಿಸುವ ಒಂದು ಕ್ರಮ. ಕೊನೆಯ ಅಂಕಿಯ ಮುಂದೆ ಒಂದು ಕಾಮಾ ಜಾಸ್ತಿ ಇತ್ತಂತೆ. ಅದಕ್ಕೆ 400 ಅನ್ನುವ ಉತ್ತರ, ಕಳಿಸಿದ್ದು ಸರಿಯಿಲ್ಲ ಅಂತ. ಯಾವ ಕಾಮಾ, ಎಲ್ಲಿಯ ಕಾಮಾ? ಹುಡುಕಿಕೋ ಅಂತ. ಗೆಳೆಯನಿಗೆ ಫೋನ್ ಮಾಡಿದೆ. "ನನ್ನ ಮಶೀನ್‌ನಲ್ಲಿ ವರ್ಕ್ ಆಗ್ತಿದೆಯಲ್ಲೋ" ಅಂದ.

ಈ ಮಾತನ್ನು ಇವತ್ತು ಎಷ್ಟು ಸಲ ಕೇಳಿದೆನೋ. ಟೋಕನ್ ಸಿಗುತ್ತಿಲ್ಲ ಅಂದರೂ ಅದೇ. ಲೈನಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಕೂತು ಕಮಾಂಡನ್ನು ಎರಡು ತುಂಡು ಮಾಡಿದೆ ಅಂದರೂ ಅದೇ. ತಲೆ ನೋಯುತ್ತಿದೆ ಕಣೋ ಅಂದಿದ್ದರೂ ಅವನ ಮಶೀನ್‌ನಲ್ಲಿ ಅದು ಚೆನ್ನಾಗಿಯೇ ಇರುತ್ತಿತ್ತು.

ಟೋಕನ್ ಅಂದೆನಲ್ಲ. ಎಪಿಐ ಒಳಗೆ ಬಿಡಲು ಕೇಳುವ ತಾತ್ಕಾಲಿಕ ಪಾಸ್ ಅದು. ಅದಕ್ಕೆ ಬ್ರೌಸರ್ ತೆರೆದು ಒಪ್ಪಿಗೆ ಕೊಡಬೇಕು. 'ಇವರು ನಿಮ್ಮ ಆರೋಗ್ಯದ ಮಾಹಿತಿಯನ್ನು ಬದಲಾಯಿಸಲು ಕೇಳುತ್ತಿದ್ದಾರೆ, ಒಪ್ಪಿಗೆಯೇ?' ಅಂತ ಕೇಳಿತು. ಕೇಳುತ್ತಿದ್ದವನು ನಾನು, ಒಪ್ಪಬೇಕಾದವನೂ ನಾನು. ಮುಂದಿನ ಪುಟದಲ್ಲಿ ಕೆಂಪು ಅಕ್ಷರ: 'ಇದನ್ನು ಮಾಡಿದವರ ಮೇಲೆ ನಿಮಗೆ ನಂಬಿಕೆ ಇದ್ದರೆ ಮಾತ್ರ ಮುಂದುವರಿಯಿರಿ.' ಮಾಡಿದವನೂ ನಾನೇ. ಸ್ವಲ್ಪ ಯೋಚಿಸಿಯೇ ಒತ್ತಿದೆ. ಇಷ್ಟೆಲ್ಲ ಮಾಡಿ ಸಿಕ್ಕಿದ ಟೋಕನ್‌ನ ಆಯಸ್ಸು 3600 ಸೆಕೆಂಡ್. ಒಂದು ವಾಕಿಂಗ್ ಮುಗಿಸಿ ಬಂದು ನೋಡುವಷ್ಟರಲ್ಲಿ ಸತ್ತಿರುತ್ತದೆ. ಆಮೇಲೆ ಏನು ಕಳಿಸಿದರೂ 401, ನೀನು ಯಾರೋ ಗೊತ್ತಿಲ್ಲ ಅಂತ.

ಅಂತೂ ಮಧ್ಯಾಹ್ನದ ಹೊತ್ತಿಗೆ ನಾಲ್ಕು ವರ್ಷದ ತೂಕವೆಲ್ಲ ಒಂದೇ ಉಸಿರಿಗೆ ಹೋಯಿತು. ಸಾಲಿಗೊಂದು 200. ಎಲ್ಲ ಸರಿಯಾಗಿದೆ ಅಂತ ಅರ್ಥ. ಖುಷಿಯಿಂದ ಫೋನ್ ತೆಗೆದು ಗ್ರಾಫ್ ನೋಡಿದೆ.

ಗ್ರಾಫ್ 1970ನೇ ಇಸವಿ ಜನವರಿ 1ಕ್ಕೆ ಶುರುವಾಗಿತ್ತು.

ಬಹಳಷ್ಟು ಕಂಪ್ಯೂಟರ್‌ಗಳು ಕಾಲವನ್ನು ಎಣಿಸುವುದು ಅವತ್ತಿನ ನಡುರಾತ್ರಿಯಿಂದ. ಅದು ಸರಿ. ಆದರೆ ಯಾವುದರಲ್ಲಿ ಎಣಿಸಬೇಕು ಅನ್ನುವುದು ಆಯಾ ಎಪಿಐನ ಮರ್ಜಿ. ಸೆಕೆಂಡಿನಲ್ಲಾದರೆ ಈಗ 10 ಅಂಕಿ, ಮಿಲಿಸೆಕೆಂಡಿನಲ್ಲಿ 13, ನ್ಯಾನೊಸೆಕೆಂಡಿನಲ್ಲಿ 19. ಈ ಪುಣ್ಯಾತ್ಮರ ಎಪಿಐ ವಾಕಿಂಗ್ ಸಮಯವನ್ನು ಮಿಲಿಸೆಕೆಂಡಿನಲ್ಲಿ ಕೇಳುತ್ತದೆ, ತೂಕ ನೋಡಿದ ಸಮಯವನ್ನು ಮಾತ್ರ ನ್ಯಾನೊಸೆಕೆಂಡಿನಲ್ಲಿ. ತೂಕದ ಮೇಲೆ ನಿಂತವನು ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ದಪ್ಪ ಆಗಿಬಿಡುತ್ತಾನಾ? ಫೈಲಿನ ಸಾಲುಗಳನ್ನೆಲ್ಲ ತಾನೇ ಕಳಿಸಲಿ ಅಂತ ಗೆಳೆಯ ಕೊಟ್ಟ ಸ್ಕ್ರಿಪ್ಟ್ ಎರಡಕ್ಕೂ ಮಿಲಿಸೆಕೆಂಡನ್ನೇ ಕಳಿಸಿತ್ತು. ಹಾಗೆ ಕಳಿಸಿದರೆ ನಮ್ಮ ಒಂದು ವರ್ಷ ಅಲ್ಲಿ ಸುಮಾರು ಅರ್ಧ ನಿಮಿಷಕ್ಕೆ ಕುಗ್ಗುತ್ತದೆ.

ಹಾಗಾಗಿ ದಾಖಲೆಯ ಪ್ರಕಾರ, ಯುಟಿಸಿ ಅನ್ನುವ ಜಾಗತಿಕ ಸಮಯದ ಲೆಕ್ಕದಲ್ಲಿ ನಡುರಾತ್ರಿ ಹನ್ನೆರಡು ದಾಟಿ 27 ನಿಮಿಷಕ್ಕೆ ನಾನು 84 ಕಿಲೋ ಇದ್ದೆ. ಎರಡು ನಿಮಿಷ ಬಿಟ್ಟು 78. ನಡುವೆ ಬಂದ ಮೂರು ಮದುವೆ ಸೀಸನ್ನುಗಳಲ್ಲಿ ಏರಿದ್ದು, ಆಮೇಲೆ ಇಳಿದದ್ದು, ಮೊಣಕಾಲು ಉಳುಕಿ ಮಲಗಿದ್ದಾಗ ಮತ್ತೆ ಏರಿದ್ದು, ಎಲ್ಲವೂ ಆ ಎರಡು ನಿಮಿಷದೊಳಗೇ. ಆಮೇಲೆ ಐವತ್ತಕ್ಕೂ ಹೆಚ್ಚು ವರ್ಷ ಒಂದೇ ಸಮ ನೆಟ್ಟಗಿನ ಗೆರೆ. ಆ ಶಿಸ್ತು ನೋಡಿದರೆ ಯಾರಾದರೂ ಕೈ ಮುಗಿಯಬೇಕು.

ನಾನು ಹುಟ್ಟಿದ್ದು 1984ರಲ್ಲಿ. ಅದು ಆ ಆ್ಯಪ್‌ಗೂ ಗೊತ್ತು. ಕ್ಯಾಲೊರಿ ಲೆಕ್ಕಕ್ಕೆ ಬೇಕು ಅಂತ ಮೊದಲ ದಿನವೇ ಹುಟ್ಟಿದ ದಿನಾಂಕ ಬರೆಸಿಕೊಂಡಿದೆ. ಒಂದು ಕಾಮಾ ಜಾಸ್ತಿ ಆದರೆ ಒಳಗೆ ಬಿಡದವರು, ಹುಟ್ಟುವ ಹದಿನಾಲ್ಕು ವರ್ಷ ಮೊದಲೇ ತೂಕ ಇಳಿಸಿದವನನ್ನು ಒಂದು ಮಾತೂ ಕೇಳದೆ ಬಿಟ್ಟುಕೊಂಡರು. ಸಾಲದ್ದಕ್ಕೆ ಪರದೆಯ ತುಂಬ ಬಣ್ಣದ ಕಾಗದ ಹಾರಿಸಿ 'ಅಭಿನಂದನೆ! ಬಹಳ ವೇಗದ ಪ್ರಗತಿ!' ಅಂದರು.

ಎಲ್ಲಿ ಎಡವಟ್ಟಾಗಿದೆ ಅಂತ ನೋಡಲು ಫೈಲ್ ತೆರೆದೆ. ವಾಕಿಂಗ್ ಸಾಲುಗಳ ನಡುವೆ ಒಂದು ಸಾಲು ಕಣ್ಣಿಗೆ ಬಿತ್ತು. 300 ಮೀಟರ್, 25 ನಿಮಿಷ. ಯಾವ ನಡಿಗೆ ಇದು ಅಂತ ತಾರೀಖು ನೋಡಿದರೆ, ಆಪರೇಷನ್ ಆದ ಮೇಲೆ ಅಪ್ಪನ ಕೈ ಹಿಡಿದು ಮನೆಯ ಮುಂದೆ ಓಡಾಡಿಸಿದ ದಿನ. ಹಳೇ ವಾಚು ಅದನ್ನು ವ್ಯಾಯಾಮ ಅಂತ ಒಪ್ಪಿರಲಿಲ್ಲ. 'ಇತರೆ' ಅಂತ ಬರೆದುಕೊಂಡಿತ್ತು. ಅಷ್ಟು ನಿಧಾನವಾಗಿ ನಾನು ಆಮೇಲೆ ಯಾರ ಜೊತೆಗೂ ನಡೆದಿಲ್ಲ. ಆ ಸಾಲನ್ನು ಮಾತ್ರ ಸ್ಕ್ರಿಪ್ಟಿಗೆ ಬಿಡದೆ ನಾನೇ ಟೈಪ್ ಮಾಡಿ, 'ನಡಿಗೆ' ಅಂತ ತಿದ್ದಿ ಕಳಿಸಿದೆ. ಸರಿಯಾದ ದಿನಕ್ಕೇ ಹೋಗಿ ಕೂತಿದೆ.

ಉಳಿದದ್ದು 1970ರ ಗಲೀಜು. ಅಳಿಸಬೇಕಾದರೆ ಎಲ್ಲಿಂದ ಎಲ್ಲಿಯವರೆಗೆ ಅಂತ ಮತ್ತೆ ನ್ಯಾನೊಸೆಕೆಂಡಿನಲ್ಲೇ ಹೇಳಬೇಕು. ಸೊನ್ನೆಗಳನ್ನು ಎಣಿಸಿ ಎಣಿಸಿ ಹೇಳಿದೆ. ಅಷ್ಟರಲ್ಲಿ ಟೋಕನ್ ತೀರಿಹೋಗಿತ್ತು. 401.

ಗೆಳೆಯನಿಗೆ ಫೋನ್ ಮಾಡಿದೆ. ಅವನು ಬಾಯಿ ತೆರೆಯುವ ಮೊದಲೇ, "ನಿನ್ನ ಮಶೀನ್ ಗೊತ್ತಪ್ಪಾ, ಒಂದ್ಸಲ ತೋರಿಸು" ಅಂದೆ. ಸ್ಕ್ರೀನ್ ಶೇರ್ ಮಾಡಿದ. ನಿಜವಾಗಿಯೂ ಎಲ್ಲ ಸುಸೂತ್ರವಾಗಿ ಓಡುತ್ತಿತ್ತು. ದಿನವೂ ಸರಿಯಾಗಿ 10,000 ಹೆಜ್ಜೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ತೂಕ ಪ್ರತಿದಿನ 70 ಕಿಲೋ. ಹೆಸರಿನ ಜಾಗದಲ್ಲಿ 'ಟೆಸ್ಟ್ ಯೂಸರ್'.

"ಇದು ಸ್ಯಾಂಪಲ್ ಡೇಟಾ ಅಲ್ವೇನೋ? ನಿನ್ನ ತೂಕ ಎಲ್ಲಿ?" ಅಂತ ಕೇಳಿದೆ.

"ನನ್ನದಾ? ಮನೇಲಿ ತೂಕದ ಮಶೀನೇ ಇಲ್ಲ ಕಣೋ" ಅಂದ.