ಶನಿವಾರದ ಶಾಂತಿ, ಜಿಎಸ್‌ಟಿ ಸೇರಿಸಿ

ಅಪ್ರೈಸಲ್ ಮುಗಿದು ವಾರ ಕಳೆದಿರಲಿಲ್ಲ, ಎಚ್‌ಆರ್‌ನಿಂದ ಮೇಲ್ ಬಂತು. ‘ಅಮೂರ್ತ ಚಿತ್ರಕಲೆಯಿಂದ ಒಳಮನಸ್ಸಿನ ಹೀಲಿಂಗ್. ಶನಿವಾರ ಬೆಳಿಗ್ಗೆ 10ರಿಂದ 1. ಬರುವುದು ಬಿಡುವುದು ನಿಮ್ಮ ಇಷ್ಟ.’ ಕೆಳಗೇ ಇನ್ನೊಂದು ಸಾಲು: ‘ಬಾರದವರು ಮ್ಯಾನೇಜರ್‌ಗೆ ಕಾರಣ ತಿಳಿಸಬೇಕು.’

ಸಂಬಳ ಏರಿದ್ದು ಶೇ 3. ಆ ಗಾಯಕ್ಕೆ ಅಕ್ರಿಲಿಕ್ ಮುಲಾಮು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಅಂತ ಕೇಳಿದ್ದೆ. ಈಗ ತೂಗಲಿಕ್ಕೂ ಹೊರಗಿನವರಿಗೆ ಗುತ್ತಿಗೆ ಕೊಡುತ್ತಾರೆ. ಬಿಲ್ಲು ಅಕಸ್ಮಾತ್ ನನ್ನ ಕಣ್ಣಿಗೆ ಬಿತ್ತು. ತಲೆಗೆ 2,500 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ. ಅಂದರೆ ನನ್ನ ಮನಶ್ಶಾಂತಿಯಲ್ಲಿ 450 ರೂಪಾಯಿ ಸರ್ಕಾರದ್ದು.

ಜಯನಗರದ ಕಡೆ ಒಂದು ಮನೆಯ ಮೂರನೇ ಮಹಡಿ. ಚಪ್ಪಲಿ ಹೊರಗೆ, ಮೊಬೈಲು ಬುಟ್ಟಿಗೆ. ಒಳಗೆ ಊದುಬತ್ತಿ. ಸ್ಪೀಕರಿನಲ್ಲಿ ತೊರೆ ಹರಿಯುವ ಸದ್ದು. ಆ ಸದ್ದಿಗೆ ಹತ್ತೇ ನಿಮಿಷದಲ್ಲಿ ಮೂರು ಜನ ಟಾಯ್ಲೆಟ್ ಎಲ್ಲಿ ಅಂತ ಕೇಳಿದರು. ನಡುವೆ ತೊರೆ ನಿಂತು, ಸಾಲ ಕೊಡುವ ಆ್ಯಪ್ ಒಂದರ ಜಾಹೀರಾತು ಬಂತು. ಕಣ್ಣು ಮುಚ್ಚಿ ಕೂತಿದ್ದ 22 ಜನರೂ ಒಟ್ಟಿಗೆ ಕಣ್ಣು ಬಿಟ್ಟೆವು.

ಹೇಳಿಕೊಡುವ ಮೇಡಂ ನಾಲ್ಕು ವರ್ಷದ ಹಿಂದೆ ತಾವೂ ಸಾಫ್ಟ್‌ವೇರಿನಲ್ಲೇ ಇದ್ದರಂತೆ. ‘ಬಣ್ಣ ನನ್ನನ್ನು ಕರೆಯಿತು’ ಅಂದರು. ನಮ್ಮನ್ನು ಕರೆದದ್ದು ಎಚ್‌ಆರ್. ಅಷ್ಟೇ ವ್ಯತ್ಯಾಸ.

‘ಮರ ಬೇಡ, ಮನೆ ಬೇಡ, ಸೂರ್ಯ ಬೇಡ. ಸುಮ್ನೆ ಹರಿಯಲು ಬಿಡಿ’ ಅಂತ ಅಪ್ಪಣೆಯಾಯಿತು. ನಮ್ಮಲ್ಲಿ ಮುಕ್ಕಾಲು ಜನಕ್ಕೆ ಬರುವುದೇ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನಮರ. ಅದನ್ನು ಕಿತ್ತುಕೊಂಡ ಮೇಲೆ ಎಲ್ಲರೂ ಅಮೂರ್ತ ಕಲಾವಿದರೇ.

ಕೆಲಸ ಕಷ್ಟದ್ದಲ್ಲ. ಬಣ್ಣಕ್ಕೆ ಅಂಟಿನಂಥ ದ್ರವ ಬೆರೆಸಿ ದೋಸೆ ಹಿಟ್ಟಿನ ಹದಕ್ಕೆ ತಂದು ಬಾಟಲಿಗೆ ತುಂಬಿಟ್ಟಿರುತ್ತಾರೆ. ಕ್ಯಾನ್ವಾಸಿನ ಮೇಲೆ ಹಿಂಡಬೇಕು, ನಾಲ್ಕೂ ಕಡೆ ಓಲಾಡಿಸಬೇಕು, ಒಂದು ತೊಟ್ಟು ಸಿಲಿಕೋನ್ ಎಣ್ಣೆ ಬಿಟ್ಟು ಹೇರ್ ಡ್ರೈಯರ್ ಹಿಡಿಯಬೇಕು. ಬಣ್ಣ ಬಿರಿದು ಸೆಟ್ ದೋಸೆಯ ಮೇಲಿನಂತೆ ತೂತುಗಳು ಏಳುತ್ತವೆ. ನೋಡಲು ನಿಜಕ್ಕೂ ಚಂದ. ನನಗೆ ಹೊಟ್ಟೆ ಹಸಿಯಿತು.

ನನ್ನ ಮುಂದೆ ನೀಲಿ, ಬಿಳಿ, ಹಳದಿ, ಕೆಂಪು, ನಾಲ್ಕು ಬಾಟಲಿ. ಕೆಂಪು ಹಿಂಡಿದೆ, ಬರಲಿಲ್ಲ. ಮೂತಿ ಕಟ್ಟಿಕೊಂಡಿತ್ತು. ಪಕ್ಕದವನ ಬಾಟಲಿ ಕೇಳಿದೆ. ‘ನಂದೂ ಅದೇ ಕಥೆ ಗುರು’ ಅಂದ. ಸರಿ ಅಂತ ಇಬ್ಬರೂ ನೀಲಿಯನ್ನೇ ಜಾಸ್ತಿ ಸುರಿದೆವು.

ಆಮೇಲೆ ಎಲ್ಲರೂ ವೃತ್ತಾಕಾರವಾಗಿ ಕೂತು ಮನಸ್ಸು ಹಂಚಿಕೊಳ್ಳುವ ಕಾರ್ಯಕ್ರಮ. ಮೇಡಂ ನನ್ನ ಕ್ಯಾನ್ವಾಸನ್ನು ಎರಡು ನಿಮಿಷ ನೋಡಿದರು. ನಿಟ್ಟುಸಿರು ಬಿಟ್ಟರು.

‘ಕೆಂಪೇ ಇಲ್ಲವಲ್ಲ. ಕೋಪವನ್ನು ಬಹಳ ಒಳಗೆ ಅದುಮಿಟ್ಟಿದ್ದೀರಿ.’

‘ಮೇಡಂ, ಬಾಟಲಿ ಮೂತಿ ಕಟ್ಟಿತ್ತು.’

‘ನೋಡಿ, ಎಷ್ಟು ಸರಿಯಾಗಿ ಹೇಳಿದಿರಿ. ಮೂತಿ ಕಟ್ಟಿದೆ.’

ಮ್ಯಾನೇಜರ್ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಅಲ್ಲಿಯವರೆಗೆ ನನಗೆ ಕೋಪ ಇರಲಿಲ್ಲ.

ಟೀ ಹೊತ್ತಿಗೆ ಸ್ಲೈಡುಗಳು ಶುರುವಾದವು. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ ಬಂದಳು. 1906ರಲ್ಲೇ, ಅಮೂರ್ತ ಚಿತ್ರಕ್ಕೆ ಇನ್ನೂ ಯಾರೂ ಹೆಸರು ಮಾಡದ ಕಾಲದಲ್ಲಿ, ಅಂಥ ಚಿತ್ರಗಳನ್ನು ಧ್ಯಾನದಂತೆ ಬರೆಯಲು ಕೂತವಳು. ತಾನು ಸತ್ತು 20 ವರ್ಷ ಆಗುವ ತನಕ ಇವನ್ನು ಹೊರಗೆ ತೋರಿಸಬೇಡಿ ಅಂತ ಹೇಳಿ 1944ರಲ್ಲಿ ತೀರಿಕೊಂಡಳು. ಸ್ಲೈಡು ಬದಲಾಗುತ್ತಿದ್ದಂತೆ ನಮಗೆ ಸೂಚನೆ: ಎಲ್ಲರೂ ಮೊಬೈಲು ವಾಪಸ್ ತೆಗೆದುಕೊಂಡು, 20 ನಿಮಿಷದೊಳಗೆ ಚಿತ್ರದ ಫೋಟೊ ಹಾಕಿ ಕಂಪನಿಯನ್ನು ಟ್ಯಾಗ್ ಮಾಡಿ.

ಮುಂದೆ ನಮ್ಮ ದೇಶದವರೇ ಆದ ಅಮೂರ್ತ ಚಿತ್ರಕಾರ ಗಾಯ್ತೊಂಡೆ. ಝೆನ್ ಧ್ಯಾನದ ಹುಚ್ಚಿನ ಮನುಷ್ಯ. ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರ ಮುಗಿಸುತ್ತಿದ್ದರು. ಉಳಿದ ಹೊತ್ತೆಲ್ಲ ಸುಮ್ಮನೆ ಕೂತು ಯೋಚನೆ. ನಮ್ಮ ಆಫೀಸಿನಲ್ಲಿದ್ದಿದ್ದರೆ ಮೊದಲ ತ್ರೈಮಾಸಿಕದಲ್ಲೇ ಎಚ್‌ಆರ್ ಕರೆದು ಮಾತಾಡುತ್ತಿತ್ತು. ಸ್ಲೈಡಿನಲ್ಲಿ ಧ್ಯಾನದ ಮಾತು ಒಂದು ಸಾಲು. ಅವರ ಒಂದು ಚಿತ್ರ 2021ರ ಹರಾಜಿನಲ್ಲಿ ಸುಮಾರು 40 ಕೋಟಿಗೆ ಹೋಯಿತು ಅನ್ನುವುದು ದಪ್ಪಕ್ಷರದಲ್ಲಿ. ಎಲ್ಲರೂ ಒಮ್ಮೆ ತಮ್ಮ ತಮ್ಮ ಕ್ಯಾನ್ವಾಸಿನ ಕಡೆ ತಿರುಗಿ ನೋಡಿದರು. ಅವತ್ತು ಧ್ಯಾನಕ್ಕೆ ಹತ್ತಿರದ್ದೇನಾದರೂ ಆಗಿದ್ದರೆ ಆ ಕ್ಷಣವೇ.

ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನೂ ತೋರಿಸಿದರು. ಅದು ಸುಳ್ಳೇನಲ್ಲ. ಮನೆಗೆ ಬಂದು ಹುಡುಕಿ ಓದಿದೆ. 39 ಜನರನ್ನು 45 ನಿಮಿಷ ಜೇಡಿಮಣ್ಣು, ಬಣ್ಣದ ಪೆನ್ನು, ಅಂಟಿಸುವ ಕಾಗದ ಕೊಟ್ಟು ಕೂರಿಸಿದ್ದರು. ಮುಕ್ಕಾಲು ಭಾಗ ಜನರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿದಿತ್ತು. ಚಿತ್ರ ಬರೆದು ಗೊತ್ತಿದ್ದವರು, ಗೊತ್ತಿಲ್ಲದವರು ಅಂತ ವ್ಯತ್ಯಾಸ ಇರಲಿಲ್ಲ. ಉಳಿದ ಕಾಲು ಭಾಗ ನಮ್ಮ ಆಫೀಸಿನವರಿರಬೇಕು.

ಚಿತ್ರ ಬರೆದರೆ ಮನಸ್ಸು ಹಗುರಾಗುತ್ತದೆ ಅನ್ನುವುದರಲ್ಲಿ ನನಗೆ ತಕರಾರಿಲ್ಲ. ಏಡ್ರಿಯನ್ ಹಿಲ್ ಅನ್ನುವ ಇಂಗ್ಲಿಷ್ ಚಿತ್ರಕಾರ ಕ್ಷಯ ಹತ್ತಿ ಸ್ಯಾನಿಟೋರಿಯಂ ಸೇರಿದ. ಮಲಗಿದಲ್ಲೇ ಕೈಗೆಟುಕಿದ್ದನ್ನೆಲ್ಲ ಬರೆಯುತ್ತ ಚೇತರಿಸಿಕೊಂಡ. ಅಕ್ಕಪಕ್ಕದ ಹಾಸಿಗೆಯವರಿಗೂ ಕುಂಚ ಕೊಟ್ಟ. 1942ರಲ್ಲಿ ‘ಆರ್ಟ್ ಥೆರಪಿ’ ಅನ್ನುವ ಹೆಸರಿಟ್ಟವನು ಅವನೇ. ಇವತ್ತು ಬ್ರಿಟನ್ನಿನಲ್ಲಿ ಆರ್ಟ್ ಥೆರಪಿಸ್ಟ್ ಅಂತ ಹೇಳಿಕೊಳ್ಳಬೇಕಾದರೆ ಓದಿ, ನೋಂದಣಿ ಮಾಡಿಸಿಕೊಂಡಿರಬೇಕು. ಇಲ್ಲದಿದ್ದರೆ ಕಾನೂನು ಹಿಡಿಯುತ್ತದೆ. ನಮ್ಮ ಮೇಡಂ ಗೋಡೆಯಲ್ಲೂ ಒಂದು ಸರ್ಟಿಫಿಕೇಟ್ ಇತ್ತು. ಆರು ಭಾನುವಾರದ ಕೋರ್ಸು, ಆನ್‌ಲೈನ್.

ಟೀ ಆದ ಮೇಲೆ ಎರಡನೇ ಕ್ಯಾನ್ವಾಸ್ ಕೊಟ್ಟರು. ವಿಷಯ: ‘ಕೋಪವನ್ನು ಬಿಡುಗಡೆ ಮಾಡುವುದು’. ಬಿಡುಗಡೆ ಮಾಡೋಣ ಅಂದರೆ ಕೆಂಪು ಇನ್ನೂ ಬರುತ್ತಿಲ್ಲ. ಬಾಟಲಿ ಹಿಡಿದು ಸಿಂಕಿನ ಹತ್ತಿರ ಹೋದೆ. ಅಲ್ಲಿ ಒಬ್ಬರು ಅಕ್ಕ ಬ್ರಷ್ ತೊಳೆಯುತ್ತಿದ್ದರು. ನನ್ನ ಕೈ ನೋಡಿದವರೇ, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನೊಂದನ್ನು ಬಿಚ್ಚಿ ಕೊಟ್ಟರು.

‘ತಗೊಳ್ಳಿ ಅಣ್ಣ, ಇದ್ರಲ್ಲಿ ಚುಚ್ಚಿ. ಪ್ರತಿ ಶನಿವಾರ ಈ ಕೆಂಪಿಂದೇ ಗೋಳು. ಮುಚ್ಚಳ ಸರಿಯಾಗಿ ಹಾಕಲ್ಲ.’

ಪ್ರತಿ ಶನಿವಾರ! ಅಂದರೆ ಹಿಂದಿನ ವಾರ ಬಂದ ಬ್ಯಾಂಕಿನವರೂ ಕೋಪ ಅದುಮಿಟ್ಟವರೇ. ಅದರ ಹಿಂದಿನ ವಾರದ ಅಧ್ಯಾಪಕರೂ ಅದೇ. ಮುಚ್ಚಳ ಹಾಕದ ಒಂದು ಬಾಟಲಿಯಿಂದ ಅರ್ಧ ಬೆಂಗಳೂರಿಗೆ ರೋಗ ಹತ್ತಿದೆ.

ಪಿನ್ನನ್ನು ಮೂತಿಗೆ ಇಳಿಸಿ ಮೆಲ್ಲಗೆ ತಿರುಗಿಸಿದೆ. ಒಳಗೆ ರಬ್ಬರಿನಂಥ ಒಣ ಸಿಪ್ಪೆ. ಅವಸರ ಮಾಡಿದರೆ ತುಂಡಾಗಿ ಮತ್ತೆ ಒಳಗೆ ಬೀಳುತ್ತಿತ್ತು. ಸುತ್ತ ಸುತ್ತ ಬಿಡಿಸುತ್ತ, ಒಂದೇ ಎಳೆಯಾಗಿ, ಉದ್ದಕ್ಕೆ, ಹುಣಸೆಹಣ್ಣಿನ ನಾರು ತೆಗೆದ ಹಾಗೆ ತೆಗೆದೆ. ಹಿಂಡಿದೆ. ಕೆಂಪು ದಾರದಂತೆ ಇಳಿಯಿತು. ತೊರೆಯ ಸದ್ದು ಕಿವಿಗೆ ಬಿದ್ದಿರಲಿಲ್ಲ. ಶೇ 3 ನೆನಪಾಗಿರಲಿಲ್ಲ. ತಲೆ ಎತ್ತಿದರೆ ಹಿಂದೆ ಪಕ್ಕದವನು ತನ್ನ ಬಾಟಲಿ ಹಿಡಿದು ನಿಂತಿದ್ದ. ಅವನ ಹಿಂದೆ ಟೆಸ್ಟಿಂಗ್ ಟೀಮಿನ ನಾಲ್ವರು. ಅವರ ಹಿಂದೆ ಮ್ಯಾನೇಜರ್.

‘ನಂದೂ ಸ್ವಲ್ಪ ನೋಡ್ತೀರಾ?’ ಅಂದರು ಮ್ಯಾನೇಜರ್. ಮೂರು ವರ್ಷದಲ್ಲಿ ಅವರು ನನ್ನನ್ನು ಮೆತ್ತಗೆ ಕೇಳಿದ್ದು ಅದೇ ಮೊದಲು.

ಕೊನೆಗೆ ಒಂದು ಫಾರಂ. ಶಾಂತಿಗೆ 1ರಿಂದ 5ರವರೆಗೆ ಅಂಕ ಕೊಡಿ. ಯಾವ ಹಂತದಲ್ಲಿ ಮನಸ್ಸು ಹಗುರಾಯಿತು? ಉಸಿರಾಟ, ಬಣ್ಣ, ಹಂಚಿಕೆ, ಇತರೆ. ನಾನು ‘ಇತರೆ’ಗೆ ಟಿಕ್ ಹಾಕಿ ಪಕ್ಕದಲ್ಲಿ ‘ಪಿನ್ನು’ ಅಂತ ಬರೆದೆ. ಹಿಂದೆ ಮುಂದೆ ಕೂತವರೂ ಅದನ್ನೇ ಬರೆದರು ಅಂತ ಕಾಣುತ್ತದೆ.

ಸೋಮವಾರ ಎಚ್‌ಆರ್‌ನಿಂದ ಮತ್ತೆ ಮೇಲ್. ಕಾರ್ಯಕ್ರಮ ಭರ್ಜರಿ ಯಶಸ್ಸು. 22 ಮಂದಿಯಲ್ಲಿ 19 ಮಂದಿಗೆ ಅದುಮಿಟ್ಟ ಕೋಪ ಇರುವುದು ಪತ್ತೆಯಾಗಿದ್ದು, ಮುಂದಿನ ತಿಂಗಳು ಲೆವೆಲ್ 2 ನಡೆಯಲಿದೆ. ಬರುವುದು ಬಿಡುವುದು ನಿಮ್ಮ ಇಷ್ಟ. ಬರುವಾಗ ಅವರವರ ಪಿನ್ನು ಅವರವರೇ ತರತಕ್ಕದ್ದು.